ನಾನು ಹೇಳೋವರೆಗೂ ಕಾಲೆತ್ತಬೇಡ

ಆ ಸೀಟಿನಲ್ಲಿ ಇನ್ನೊಬ್ಬಳು ಕೂತಿದ್ದಳು!

ಬಿಳಿ ಕಾರಿನ ಬಾಗಿಲು ತೆರೆದಿತ್ತು. ನೆಲದ ಮೇಲೆ ಬೆಳ್ಳಿ ಬಣ್ಣದ ಪಟ್ಟಿಯ ಚಪ್ಪಲಿ. ಒಳಗೆ ಕ್ಲಚ್ ಪೆಡಲಿನ ಮೇಲೆ ಒಂದು ಬರಿಗಾಲು, ಉಗುರಿಗೆ ಕೆಂಪು ಬಣ್ಣ. ಕಾರಿನಡಿಯಿಂದ ಹೊರಗೆ ಚಾಚಿಕೊಂಡಿದ್ದ ಗಂಡಸಿನ ಕಾಲುಗಳನ್ನಂತೂ ಸನೋಬರ್ ಎಂಥ ಸಂತೆಯಲ್ಲಾದರೂ ಗುರುತಿಸುತ್ತಿದ್ದಳು.

"ಒತ್ರಿ ಮೇಡಂ... ಹಾಂ, ಹಂಗೇ ಹಿಡ್ಕಳ್ರಿ... ಅಯ್ಯೋ, ಬಿಟ್‌ಬಿಟ್ರಾ?"

"ಸಾರಿ ಸಾರಿ! ಕಾಲು ಜಾರಿಬಿಡ್ತು ತೌಹೀದ್!"

ಆಮೇಲೆ ನಗು. ಮೇಲಿನಿಂದ ಅವಳದು, ಕೆಳಗಿನಿಂದ ಅವನದು.

ಸನೋಬರ್ ಆಗತಾನೇ ಹೊಳಲ್ಕೆರೆಯಿಂದ ಬಸ್ಸಿಳಿದು ಬಂದಿದ್ದಳು. ಬ್ಯಾಗಿನಲ್ಲಿ ಅವಳ ಖಾಲಾ, ಅಮ್ಮನ ತಂಗಿ, ಕಟ್ಟಿಕೊಟ್ಟ ಬಿರಿಯಾನಿ ಡಬ್ಬಿ. ಅದರಲ್ಲಿ ತೌಹೀದ್‌ಗೆ ಯಾವ ತುಂಡು ಹಾಕಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು ಹುಡುಗಿ. ಈಗ ಅವಳ ಮೈಯೆಲ್ಲ ಉರಿದುಹೋಯಿತು.

'ತೌಹೀದ್ ಅಂತೆ! ಹೆಸರು ಹಿಡಿದು ಕರೆಯೋ ಅಷ್ಟು...!'

ಅವಳು ಸೀದಾ ಸ್ಪೇರ್ ಪಾರ್ಟ್ಸ್ ಕೌಂಟರಿನ ಹಿಂದೆ ಹೋಗಿ ಕೂತಳು. ಅವತ್ತಿನ ಬಿರಿಯಾನಿಯನ್ನು ಗ್ಯಾರೇಜಿನ ಹಿಂದಿನ ಬೆಕ್ಕು ತಿಂದಿತು.

ನಿಮಗೆ ಅನ್ನಿಸಬಹುದು, ಒಂದು ಪೆಡಲಿಗೆ ಇಷ್ಟು ರಂಪವೇ ಎಂದು. ಹಾಗಲ್ಲ, ಕೇಳಿ.

ಕ್ಲಚ್ಚಿನ ಸಿಲಿಂಡರ್ ಬದಲಾಯಿಸಿದ ಮೇಲೆ ಪೈಪಿನೊಳಗೆ ಗಾಳಿ ಸೇರಿಕೊಂಡಿರುತ್ತದೆ. ಗಾಳಿ ಇದ್ದರೆ ಪೆಡಲು ಮೆತ್ತಗೆ ನೆಲಕ್ಕೆ ಹೋಗುತ್ತದೆ, ಗೇರು ಬೀಳುವುದಿಲ್ಲ. ಅದನ್ನು ಹೊರಗೆ ಹಾಕುವುದಕ್ಕೆ ಗ್ಯಾರೇಜಿನವರು ಏರ್ ತೆಗೆಯೋದು ಅನ್ನುತ್ತಾರೆ. ಇಬ್ಬರು ಬೇಕು. ಮೇಲೆ ಕೂತವರು ಪೆಡಲು ಒತ್ತಿ ಹಿಡಿಯಬೇಕು. ಕೆಳಗೆ ಮಲಗಿದವನು ನಿಪ್ಪಲ್ ಎಂಬ ಪುಟ್ಟ ತಿರುಪನ್ನು ಸಡಿಲಿಸಿ, ಗುಳ್ಳೆ ಸಮೇತ ಬರುವ ಬ್ರೇಕ್ ಆಯಿಲನ್ನು ಹೊರಗೆ ಬಿಟ್ಟು, ಮತ್ತೆ ಬಿಗಿ ಮಾಡಬೇಕು. ಬಿಗಿಯಾಗುವ ಮುಂಚೆ ಮೇಲಿನವರು ಕಾಲೆತ್ತಿದರೋ, ಹೋದ ಗಾಳಿ ಹಿಂದಕ್ಕೆ! ಮಾಡಿದ್ದೆಲ್ಲ ದಂಡ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ, ದನಿ ನಂಬಿಕೊಂಡು ಮಾಡುವ ಕೆಲಸ ಅದು.

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿರುವ ಮಕ್ಸೂದ್ ಸಾಬರ ಗ್ಯಾರೇಜಿನಲ್ಲಿ ಆ ಪೆಡಲು ಒತ್ತುವವಳು ಅವರ ಮಗಳು ಸನೋಬರ್. ಕೆಳಗೆ ಮಲಗುವವನು ತೌಹೀದ್, ಹಿರಿಯೂರು ಕಡೆಯ ಆದಿವಾಲದ ಹುಡುಗ.

ಅವನು ಕೆಲಸಕ್ಕೆ ಸೇರಿದ ದಿನವೇ ಕಾರಿನಡಿಯಿಂದ ಕೂಗಿದ್ದ. "ಯಾರಾದ್ರೂ ಬಂದು ಕ್ಲಚ್ ಒತ್ರಪ್ಪಾ!"

ಇವಳು ಹೋಗಿ ಕೂತವಳೇ, ಅವನು ಹೇಳುವ ಮುಂಚೆ ಜೋರಾಗಿ ಒತ್ತಿಬಿಟ್ಟಳು. ಬ್ರೇಕ್ ಆಯಿಲ್ ಚಿಮ್ಮಿ ಅವನ ಗಡ್ಡಕ್ಕೆಲ್ಲ ಬಳಿದುಕೊಂಡಿತು. ಅವನು ಹೊರಗೆ ಬಂದು ಬುಸುಗುಟ್ಟಿದ.

"ಒತ್ತು ಅಂದ ಮೇಲೆ ಒತ್ತಬೇಕು, ಬಿಡು ಅಂದ ಮೇಲೆ ಬಿಡಬೇಕು. ಅಷ್ಟೂ ಬರಲ್ವಾ?"

"ನಮ್ಮ ಗ್ಯಾರೇಜಲ್ಲಿ ನಂಗೇ ಹೇಳ್ಕೊಡ್ತೀಯಾ? ಮೊದ್ಲು ಗಡ್ಡ ತೊಳ್ಕೋ ಹೋಗು!"

ಅಲ್ಲಿಂದ ಶುರು. ಅವಳ ಮನೆಯಲ್ಲಿ ಉರ್ದು. ಆದಿವಾಲದವನ ಉರ್ದು ಕೇಳಿದರೆ ಅವಳಿಗೆ ನಗು. ಹಾಗಾಗಿ ಇಬ್ಬರ ಜಗಳಕ್ಕೂ ಕನ್ನಡವೇ ಗಟ್ಟಿಯಾಯಿತು. ಜಗಳ ಯಾವಾಗ ಇನ್ನೇನೋ ಆಯಿತೆಂದು ಅವಳಿಗೂ ಗೊತ್ತಾಗಲಿಲ್ಲ. "ಒತ್ತು" ಎಂದು ಅವನ ದನಿ ಬಂದರೆ ಅವಳ ಎದೆಯಲ್ಲಿ ಏನೋ ಆಗುತ್ತಿತ್ತು. "ಒತ್ತಿದೆ" ಎನ್ನುವಾಗ ಅವಳ ದನಿ ಮೆತ್ತಗಾಗುತ್ತಿತ್ತು. ಅವನು ಮಾತ್ರ ಒಂದು ದಿನವೂ ಬಾಯಿ ಬಿಡಲಿಲ್ಲ. ಹಬ್ಬಕ್ಕೆ ಅತ್ತರು ಕೊಟ್ಟರೆ ತಲೆ ಬಗ್ಗಿಸಿ ತೆಗೆದುಕೊಂಡು ಹೋದ, ಅಷ್ಟೇ.

ಅವಳ ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ಸಿಟ್ಟು ಬಂದರೆ ಅವಳು ಎದುರಿನವರ ಮಾತು ಮುಗಿಯುವವರೆಗೆ ನಿಲ್ಲುವವಳಲ್ಲ. ಅರ್ಧಕ್ಕೇ ಎದ್ದು ಹೊರಟುಬಿಡುತ್ತಾಳೆ. ಅವರಮ್ಮ ಕರೀಮುನ್ನೀಸಾ, "ಈ ಹುಡ್ಗಿಗೆ ಏನಾದ್ರೂ ಹೇಳ್ಬೇಕು ಅಂದ್ರೆ ಮೊದ್ಲು ಕಾಲು ಕಟ್ಟಿಹಾಕ್ಬೇಕು" ಎನ್ನುತ್ತಿದ್ದರು.

ಬಿಳಿ ಕಾರಿನವಳ ಹೆಸರು ಕೀರ್ತನಾ. ಮತ್ತೋಡಿನ ಪಶು ಆಸ್ಪತ್ರೆಯ ಡಾಕ್ಟರು, ಮನೆ ಹೊಸದುರ್ಗದಲ್ಲಿ. ಅವತ್ತು ತನ್ನ ಕಾರಿಗೆ ಕ್ಲಚ್ಚಿನ ಕೆಳಗಿನ ಸಿಲಿಂಡರ್ ಹೊಸದು ಹಾಕಿಸಿಕೊಂಡು ಹೋಗಿದ್ದಳು. ವಾರ ಕಳೆಯುವುದರೊಳಗೆ ಕಾರು ಮತ್ತೆ ಬಂತು.

ತೌಹೀದ್ ಕೌಂಟರಿನ ಹತ್ತಿರ ಬಂದ. ಕೈಯಲ್ಲಿ ಸ್ಪ್ಯಾನರ್, ಮುಖದಲ್ಲಿ ಎಂದಿನ ಅರ್ಧ ನಗು.

"ಸನೋಬರ್, ಒಂಚೂರು ಬಾ. ಆ ಡಾಕ್ಟ್ರಮ್ಮನ ಕಾರಲ್ಲಿ ಇನ್ನೂ ಏರ್ ಐತೆ. ಅವತ್ತು ಸರಿಯಾಗಿ ಹೋಗಿಲ್ಲ."

"ನಂಗೆ ಕೆಲಸ ಐತೆ."

"ಏನ್ ಕೆಲಸ? ಬಲ್ಬು ಒರೆಸ್ತಾ ಕುಂತಿದೀಯಲ್ಲ."

"ಬಲ್ಬು ಒರೆಸೋದೇ ಕೆಲಸ. ಅವತ್ತು ಒತ್ತಿದವ್ರು ಇವತ್ತೂ ಒತ್ತಲಿ. ನಗ್ತಾ ನಗ್ತಾ ಒತ್ತಲಿ!"

"ಅಲ್ಲ ಕಣೇ, ಅವತ್ತು ಏನಾಯ್ತು ಅಂದ್ರೆ..."

ಏನಾಯಿತೆಂದು ಕೇಳಲು ಅವಳೆಲ್ಲಿದ್ದಳು? ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಾಗಿತ್ತು. ಕಿಟಕಿಯ ಸಂದಿಯಿಂದ ಮಾತ್ರ ನೋಡುತ್ತಿದ್ದಳು. ಕೀರ್ತನಾಳನ್ನು ಕೂರಿಸುತ್ತಾನೋ ಇಲ್ಲವೋ?

ಕೂರಿಸಲಿಲ್ಲ. ಟೂಲ್ ಬಾಕ್ಸಿನಿಂದ ಒಂದು ಬಾಟಲಿ ತೆಗೆದ. ಮುಚ್ಚಳಕ್ಕೆ ತೂತು, ತೂತಿನಲ್ಲಿ ಪಾರದರ್ಶಕ ಕೊಳವೆ, ಅದರ ತುದಿಗೆ ಪುಟ್ಟದೊಂದು ವಾಲ್ವು. ಕೊಳವೆಯನ್ನು ನಿಪ್ಪಲ್ಲಿಗೆ ಸಿಕ್ಕಿಸಿ, ತಾನೇ ಎದ್ದು ಬಂದು ಪೆಡಲು ಒತ್ತತೊಡಗಿದ.

ಗ್ಯಾರೇಜಿನಲ್ಲೇ ಹುಟ್ಟಿ ಬೆಳೆದವಳಿಗೆ ಅರ್ಥವಾಗಲು ಕ್ಷಣ ಸಾಕಾಯಿತು. ಹೋದ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವು. ಮೇಲೆ ಕೂರಲು ಇನ್ನೊಬ್ಬರು ಬೇಡವೇ ಬೇಡ!

'ಅಂದ್ರೆ... ಇವನಿಗೆ ಇನ್ನು ನಾನೂ ಬೇಡ.'

ಹೆಣ್ಣಿನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಲೋಕ ಒಪ್ಪುತ್ತದೆ. ಬಾಟಲಿಯ ಮೇಲೂ ಹೊಟ್ಟೆಕಿಚ್ಚು ಪಟ್ಟವಳು ದುರ್ಗದಲ್ಲಿ ಇವಳೊಬ್ಬಳೇ ಇರಬೇಕು. ಪಾಪ, ಅವಳಿಗೆ ಕಣ್ಣಲ್ಲಿ ನೀರೇ ಬಂದುಬಿಟ್ಟಿತು.

ಆಮೇಲಿನದು ಇನ್ನೂ ಕೆಟ್ಟದಾಯಿತು. ಶುಕ್ರವಾರ ನಮಾಜು ಮುಗಿಸಿದ ತೌಹೀದ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಆ ಬಿಳಿ ಕಾರಿನಲ್ಲೇ ಹೊಸದುರ್ಗದ ಕಡೆ ಹೋದ. ಮುಂದಿನ ಶುಕ್ರವಾರವೂ ಹೋದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಸನೋಬರ್ ಅವತ್ತು ಬಂದ ಗಿರಾಕಿಗಳಿಗೆಲ್ಲ ಸಿಡುಕಿದಳು.

ಬುಧವಾರ ಸಂಜೆ ಮಕ್ಸೂದ್ ಸಾಬರು ಊಟಕ್ಕೆ ಕೂತಾಗ ಹೇಳಿದರು. "ತೌಹೀದ್ ಇವತ್ತು ಸ್ಪ್ಯಾನರ್ ವಾಪಸ್ ಕೊಟ್ಟ."

ಸನೋಬರಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಆ ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಬಂದವನಿಗೆ ಉಸ್ತಾದ್ ತನ್ನ ಕೈಯಾರೆ ಒಂದು ಸ್ಪ್ಯಾನರ್ ಕೊಡುತ್ತಾನೆ. ಶಾಗಿರ್ದ್, ಅಂದರೆ ಶಿಷ್ಯ, ಬಿಟ್ಟು ಹೋಗುವ ದಿನ ಅದನ್ನು ಒರೆಸಿ, ಸಲಾಂ ಹೇಳಿ ವಾಪಸ್ ಕೊಡಬೇಕು. ಕೊಟ್ಟನೆಂದರೆ ಋಣ ಮುಗಿಯಿತು ಎಂದರ್ಥ.

"ಎಲ್ಲಿಗೆ ಹೋಗ್ತಾನಂತೆ?"

"ಹೊಸದುರ್ಗಕ್ಕೆ. ಕೈಯಲ್ಲಿರೋ ಕೆಲಸ ಮುಗಿಸಿ ಅಲ್ಲೇ ಶೆಡ್ ಹಾಕ್ತಾನಂತೆ." ಮಕ್ಸೂದ್ ಸಾಬರು ಹೇಳುತ್ತ ಯಾಕೋ ಕರೀಮುನ್ನೀಸಾರ ಮುಖ ನೋಡಿ ಮೀಸೆಯಲ್ಲೇ ನಕ್ಕರು.

ಮಗಳು ಆ ನಗುವನ್ನು ನೋಡಲಿಲ್ಲ. ಹೊಸದುರ್ಗ ಎಂಬ ಹೆಸರಷ್ಟೇ ಅವಳ ಕಿವಿಯಲ್ಲಿತ್ತು. ಕೀರ್ತನಾಳ ಊರು...!

ಅವಳು ತಟ್ಟೆ ಬಿಟ್ಟು ಎದ್ದಳು. "ಅಮ್ಮಿ, ಹೊಳಲ್ಕೆರೆಯವರಿಗೆ ಹೂಂ ಅಂತ ಹೇಳಿಬಿಡ್ರಿ."

ಹೊಳಲ್ಕೆರೆಯ ಬಟ್ಟೆ ಅಂಗಡಿಯ ಕೈಸರ್. ಖಾಲಾ ಮನೆಯಲ್ಲಿ ಅವಳನ್ನು ನೋಡಿ ಅವರ ಮನೆಯವರು ಒಪ್ಪಿದ್ದರು. ಇಷ್ಟು ದಿನ ಸನೋಬರ್ ಏನೂ ಹೇಳಿರಲಿಲ್ಲ.

"ದಿಟವಾಗ್ಲೂ ಹೇಳ್ತಿದೀಯೇನೇ?" ಕರೀಮುನ್ನೀಸಾ ಕಣ್ಣರಳಿಸಿದರು. "ಹಂಗಾದ್ರೆ ನಾಳೆ ಸಂಜೆಗೆ ಫೋನ್ ಮಾಡ್ತೀನಿ. ಆಮೇಲೆ ಮಾತು ತಿರುಗಿಸಂಗಿಲ್ಲ ನೋಡು!"

"ತಿರುಗಿಸಲ್ಲ."

ಆ ರಾತ್ರಿ ದಿಂಬು ಒದ್ದೆಯಾಯಿತು. ಅದು ಬೇರೆ ಮಾತು.

ಗುರುವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಬಿಳಿ ಕಾರು ಬಂದು ನಿಂತಿತ್ತು. ಕೀರ್ತನಾ ಹಿಂದಿನ ದಿನ ಮೀಟಿಂಗಿಗೆಂದು ದುರ್ಗಕ್ಕೆ ಬಂದು ಉಳಿದಿದ್ದಳಂತೆ. ಈಗ ಪೆಡಲು ಮತ್ತೆ ಮೆತ್ತಗಾಗಿತ್ತು. ತೌಹೀದ್ ಬಾನೆಟ್ ಎತ್ತಿ ನೋಡಿ, ಕೌಂಟರಿಗೆ ಬಂದ.

"ಕೆಳಗಿನ ಸಿಲಿಂಡರ್ ಸರಿ ಐತೆ. ಮೇಲಿನದು ಸೋರ್ತಾ ಐತೆ. ಒಂದು ಮೇಲಿನ ಸಿಲಿಂಡರ್ ಕೊಡು."

ಅವನ ಬೆಲ್ಟಿನಲ್ಲಿ ಉಸ್ತಾದನ ಸ್ಪ್ಯಾನರ್ ಇರಲಿಲ್ಲ. ಆ ಖಾಲಿ ಜಾಗ ನೋಡಿ ಅವಳು ಮುಖ ತಿರುಗಿಸಿದಳು. ಅವಳ ತಲೆಯ ಮೇಲಿನ ಶೆಲ್ಫಿನಲ್ಲೇ ಆ ಸಿಲಿಂಡರಿನ ಹೊಸ ಡಬ್ಬಿ ಕೂತಿತ್ತು.

"ಸ್ಟಾಕ್ ಇಲ್ಲ."

"ಹೋದ ವಾರ ಬಂದಿತ್ತಲ್ಲ?"

"ಇಲ್ಲ ಅಂದ್ನಲ್ಲ!"

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿ ಹೊರಟುಹೋದ. "ಕಾರು ಇಲ್ಲೇ ಬಿಡ್ರಿ ಮೇಡಂ, ದಾವಣಗೆರೆಯಿಂದ ತರಿಸ್ತೀನಿ" ಎಂದು ಅವನು ಹೇಳಿದ್ದು ಇವಳಿಗೆ ಕೇಳಿಸಿತು.

"ಆಗಲ್ಲ ತೌಹೀದ್. ಮತ್ತೋಡಲ್ಲಿ ಒಂದು ಹಸು ಕರು ಹಾಕೋಕಾಗದೆ ಒದ್ದಾಡ್ತಿದೆಯಂತೆ. ಹೇಗೋ ಹೋಗ್ತೀನಿ."

ಅವನು ಆಯಿಲ್ ತುಂಬಿ, ಬಾಟಲಿ ಹಾಕಿ ಇದ್ದಷ್ಟು ಗಾಳಿ ತೆಗೆದು ಕಳಿಸಿದ. ಕಾರು ರಸ್ತೆ ಸೇರಿದ ಮೇಲೆ ಸನೋಬರ್ ಶೆಲ್ಫಿನ ಡಬ್ಬಿಯನ್ನು ನೋಡಿದಳು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಬಿಸಿಲೇರುವ ಹೊತ್ತಿಗೆ ಫೋನು ಬಂತು. ಎತ್ತಿದವಳು ಸನೋಬರ್.

"ಕೀರ್ತನಾ ಮಾತಾಡ್ತಿರೋದು. ಹೊಳಲ್ಕೆರೆ ದಾಟಿ ರೈಲ್ವೆ ಗೇಟಿನ ಹತ್ರ ನಿಂತುಬಿಟ್ಟಿದೀನಿ. ಪೆಡಲ್ ನೆಲಕ್ಕೆ ಹೋಗಿದೆ, ಮೇಲಕ್ಕೇ ಬರ್ತಿಲ್ಲ. ಗೇಟು ತೆಗೆದ್ರು, ಗೇರ್ ಬೀಳ್ಲಿಲ್ಲ, ಹಿಂದೆ ಲಾರಿಗಳು ಹಾರ್ನ್ ಹೊಡೀತಾ... ಜನ ಸೇರಿ ಪಕ್ಕಕ್ಕೆ ತಳ್ಳಿದ್ರು. ಆ ಹಸು ಉಳಿಯತ್ತೋ ಇಲ್ವೋ... ಬೇಗ ಯಾರನ್ನಾದ್ರೂ ಕಳಿಸ್ರೀ, ಪ್ಲೀಸ್."

ಅವಳ ದನಿ ನಡುಗುತ್ತಿತ್ತು. ಸನೋಬರ್ ಫೋನಿಟ್ಟವಳು ಅಲ್ಲೇ ನಿಂತಳು. ಅಯ್ಯೋ, ನಾನು ಮಾಡಿದ್ದೇನು? ನನ್ನ ಉರಿಗೆ ಒಂದು ಮೂಕಪ್ರಾಣಿ ಸಾಯಬೇಕಾ?

"ಮೇಲಿನ ಸಿಲಿಂಡರ್ ಇಲ್ಲ ಅಂದ್ಯಂತೆ?" ಹಿಂದಿನಿಂದ ಮಕ್ಸೂದ್ ಸಾಬರು ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕಣ್ಣು ತಾನಾಗಿ ಶೆಲ್ಫಿನ ಕಡೆ ಹೋಯಿತು. ಸಾಬರೂ ಅತ್ತಲೇ ನೋಡಿದರು. ಬೈಯಲಿಲ್ಲ. ವ್ಯಾನಿನ ಕೀಲಿ ತೆಗೆದು ತೌಹೀದ್‌ಗೆ ಎಸೆದರು.

"ನೀನೂ ಹೋಗಮ್ಮ. ಪೆಡಲ್ ಒತ್ತೋರು ಬೇಕಲ್ಲ."

ವ್ಯಾನು ಊರು ದಾಟಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಹಿಂದೆ ಹೋದವು. ಹೊಳಲ್ಕೆರೆ ಹತ್ತಿರವಾದಾಗ ತೌಹೀದ್ ಗೊಣಗಿದ.

"ಸಿಲಿಂಡರೇ ಇಲ್ದೆ ಹೋಗಿ ಏನ್ ಮಾಡಾಣ?"

ಸನೋಬರ್ ಮಡಿಲಲ್ಲಿದ್ದ ಬ್ಯಾಗಿನ ಜಿಪ್ ಎಳೆದು ಡಬ್ಬಿ ತೆಗೆದು ಅವನ ಮುಂದಿಟ್ಟಳು. ಅವನು ಡಬ್ಬಿ ನೋಡಿದ, ರಸ್ತೆ ನೋಡಿದ, ಮತ್ತೆ ಡಬ್ಬಿ ನೋಡಿದ.

"ಇದು...?"

"ಇತ್ತು."

"ಇಲ್ಲ ಅಂದಿದ್ದೆ."

"ಅಂದಿದ್ದೆ."

"ಯಾಕೆ?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಓಡುವ ವ್ಯಾನಿನಿಂದ ಎದ್ದು ಹೋಗಲು ಆಗುವುದಿಲ್ಲವಲ್ಲ, ಅದಕ್ಕೆ ಅಳುವುದೊಂದೇ ದಾರಿ ಉಳಿದಿತ್ತು.

ಗೇಟಿನ ಪಕ್ಕ ಹುಣಸೆ ಮರದಡಿ ಬಿಳಿ ಕಾರು ನಿಂತಿತ್ತು. ಕೀರ್ತನಾ ಕಾಣಲಿಲ್ಲ. ಟೀ ಅಂಗಡಿಯ ಚಂದ್ರಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೀಲಿ ಹಿಡಿದು ಬಂದಳು.

"ದುರ್ಗದ ಮೆಕ್ಯಾನಿಕ್ಕಾ? ಬರ್ರಿ, ಕುಂತ್ಕಳ್ರಿ. ಡಾಕ್ಟ್ರಮ್ಮ ಹೋದ್ರು. ಅವ್ರ ಗಂಡ ಬೈಕ್ ತಗಂಡು ಬಂದು ಕರ್ಕಂಡು ಹೋದ್ರು."

ಸನೋಬರ್‌ಗೆ ಭೂಮಿ ಬಾಯಿಬಿಟ್ಟಂತಾಯಿತು. "ಗಂಡ...?"

"ಹೂಂ ಕಣವ್ವ, ರಾಜಕುಮಾರ್ ಮೇಷ್ಟ್ರು. ಹೊಸದುರ್ಗದಾಗೆ ಹೈಸ್ಕೂಲಾಗೆ ಅವ್ರೆ. ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ. ಇಷ್ಟು ದಿನ ಒಳಗೇ ಬೆಂದವಳು ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಓರೆಗಣ್ಣಿನಲ್ಲಿ ನೋಡಿದರೆ ತೌಹೀದ್ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ.

'ನಗು, ನಗು. ಗಂಡ ಇದ್ರೇನಂತೆ? ನೀನು ಬಿಟ್ಟು ಹೋಗೋದಂತೂ ಹೋಗೋದೇ. ನಾನು ಹೂಂ ಅಂದಿದ್ದೂ ಅಂದಿದ್ದೇ. ಸಂಜೆ ಅಮ್ಮಿ ಫೋನ್ ಮಾಡ್ತಾರೆ...'

ಎದೆ ಮತ್ತೆ ಭಾರವಾಯಿತು. ಅವನು ಹಳೆಯ ಸಿಲಿಂಡರ್ ಬಿಚ್ಚಿ ಹೊಸದು ಕೂರಿಸಿದ. ಆಯಿಲ್ ತುಂಬಿದ. ಇನ್ನು ಆ ಬಾಟಲಿ ತೆಗೆಯುತ್ತಾನೆಂದು ಅವಳು ಮರದ ಕೆಳಗೇ ನಿಂತಿದ್ದಳು.

"ಕುಂತ್ಕ ಹೋಗು," ಎಂದ ಅವನು.

"ಬಾಟ್ಲಿ ಐತಲ್ಲ ನಿಂಗೆ."

"ನೀನಿದ್ದಾಗ ಅದ್ಯಾಕೆ?"

ಅವಳು ಚಪ್ಪಲಿ ಬಿಟ್ಟು ಸೀಟಿನಲ್ಲಿ ಕೂತಳು. ಅವನು ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿದ. ಆ ದನಿ ಬಂತು.

"ಒತ್ತು."

"ಒತ್ತಿದೆ."

"ಹಿಡ್ಕ... ಬಿಡು."

ಪೆಡಲು ತಾನಾಗಿ ಮೇಲೇಳಲಿಲ್ಲ. ಅವಳು ಕಾಲ್ಬೆರಳಿನಿಂದ ಎತ್ತಿದಳು. "ಬಿಟ್ಟೆ."

ಒತ್ತು, ಒತ್ತಿದೆ, ಬಿಡು, ಬಿಟ್ಟೆ. ನಡುವೆ ಅವನು ಎದ್ದು ಬಂದು ಆಯಿಲ್ ತುಂಬಿದ, ಮತ್ತೆ ಮಲಗಿದ. ನಿಧಾನವಾಗಿ ಪೆಡಲಿಗೆ ಜೀವ ಬರುತ್ತಿತ್ತು. ಇದೇ ಕೊನೆಯ ಸಲ ಎಂದು ನೆನೆದು ಅವಳ ಕಣ್ಣು ಮಂಜಾಯಿತು.

"ಒತ್ತು."

"ಒತ್ತಿದೆ."

"ಹಿಡ್ಕ."

ಹಿಡಿದಳು. ಬಿಡು ಎಂಬ ಮಾತು ಬರಲಿಲ್ಲ.

"ತೌಹೀದ್...? ಬಿಡ್ಲಾ?"

"ಬ್ಯಾಡ. ನಿಪ್ಪಲ್ ತೆಗೆದೇ ಐತೆ."

"ಬಿಗಿ ಮಾಡು ಮತ್ತೆ!"

"ಮಾಡಲ್ಲ. ನನ್ನ ಮಾತು ಮುಗಿಯೋವರೆಗೂ ಮಾಡಲ್ಲ. ಈಗ ಅರ್ಧಕ್ಕೇ ಎದ್ದು ಹೋಗು ನೋಡಾಣ! ಕಾಲೆತ್ತಿದ್ರೆ ಗಾಳಿ ಎಲ್ಲಾ ವಾಪಸ್. ಮತ್ತೆ ಮೊದಲಿಂದ."

"ಇದು ಅನ್ಯಾಯ!"

"ಹೂಂ, ಅನ್ಯಾಯಾನೇ. ನಾನು ಹೇಳೋವರೆಗೂ ಕಾಲೆತ್ತಬ್ಯಾಡ." ಕಾರಿನಡಿಯಿಂದ ಅವನು ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತು. "ನಾನು ಯಾಕೆ ಸ್ಪ್ಯಾನರ್ ವಾಪಸ್ ಕೊಟ್ಟೆ ಅಂತ ಕೇಳಿದ್ಯಾ?"

"ಹೊಸದುರ್ಗದಲ್ಲಿ ನಿನ್ನ ಡಾಕ್ಟ್ರಮ್ಮ..."

"ಲೇ! ಅವ್ರ ಮಾವನ ಹಳೇ ಗೋಡೌನು ಖಾಲಿ ಐತೆ. ಶೆಡ್ಡಿಗೆ ಅಂತ ಅದನ್ನ ನೋಡೋಕೆ ಹೋಗಿದ್ದೆ. ಒಂದ್ಸಲ ಅವ್ರ ಮಾವ, ಒಂದ್ಸಲ ಮೇಷ್ಟ್ರು ಜೊತೆಗಿದ್ರು. ಅಷ್ಟೇ. ಈಗ ಕೇಳು. ಉಸ್ತಾದ್ ಮನೆ ಅನ್ನ ತಿನ್ನೋವರೆಗೂ ಶಾಗಿರ್ದ್ ಆದವನು ಆ ಮನೆ ಹೆಣ್ಣುಮಗಳನ್ನ ಕೇಳಂಗಿಲ್ಲ. ಕಣ್ಣೆತ್ತಿ ನೋಡಂಗೂ ಇಲ್ಲ. ಇದು ನಮ್ಮ ಗ್ಯಾರೇಜಿನವರ ರಿವಾಜು, ಗಂಡಸ್ರು ಗಂಡಸ್ರೇ ಹೇಳ್ಕಂಡು ಬಂದಿದ್ದು. ಮೊದ್ಲು ಸ್ಪ್ಯಾನರ್ ವಾಪಸ್ ಕೊಡಬೇಕು. ಸ್ವಂತ ಶೆಡ್ಡಿನ ಬಾಗಿಲು ತೆಗೀಬೇಕು. ಆಮೇಲೆ ಆ ಮನೆ ಮುಂದೆ ಹೋಗಿ ನಿಂತ್ಕಬೇಕು."

ಸನೋಬರ್ ಪೆಡಲು ಜಾರದಿರಲೆಂದು ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದುಕೊಂಡಳು.

"ನಿನ್ನೆ ಉಸ್ತಾದ್ರಿಗೆ ಸ್ಪ್ಯಾನರ್ ಕೊಟ್ಟೆ. ಏನಂದ್ರು ಗೊತ್ತಾ? 'ನಾನೂ ನನ್ನ ಉಸ್ತಾದಿಗೆ ಹಿಂಗೇ ಕೊಟ್ಟಿದ್ದೆ ಕಣೋ' ಅಂದು ನಕ್ಕರು."

ಅಬ್ಬಾನ ಉಸ್ತಾದ್ ಯಾರು? ಅಮ್ಮಿಯ ಅಪ್ಪ. ನಾನಾಜಾನ್! ಸನೋಬರ್‌ಗೆ ನಿನ್ನೆಯ ಊಟದ ಹೊತ್ತು ನೆನಪಾಯಿತು. ಅಬ್ಬಾ ಆ ಸುದ್ದಿ ಹೇಳುವಾಗ ಅಮ್ಮಿಯ ಕಡೆ ತಿರುಗಿದ್ದು ಯಾಕೆಂದು ಈಗ ಹೊಳೆಯಿತು.

"ಮತ್ತೆ... ಆ ಬಾಟ್ಲಿ?" ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವನು ತಲೆ ಹೊರಗೆ ಹಾಕಿ ಕೇಳಬೇಕಾಯಿತು.

"ಅವತ್ತು ನೀನು ಹೊಳಲ್ಕೆರೆಗೆ ಹೋಗಿದ್ದೆ. ಡಾಕ್ಟ್ರಮ್ಮ ಅವಸರ ಮಾಡಿ ತಾವೇ ಕುಂತ್ರು. ಕೆಳಗೆ ನಾನು ನಗ್ತಿದ್ದೆ ನಿಜ. ಮನಸ್ಸಿಗೆ ಮಾತ್ರ ಹೆಂಗೋ ಆಯ್ತು. ಒತ್ತಿದೆ ಅಂತ ಬೇರೆ ದನಿ ಬಂತು ನೋಡು, ನನ್ನ ಕೈಯೇ ಓಡ್ಲಿಲ್ಲ. ಮಾರನೇ ದಿನವೇ ಬಾಟ್ಲಿ ಮಾಡ್ಕಂಡೆ. ಹೊಸದುರ್ಗದಲ್ಲಿ ನೀನು ಬರೋವರೆಗೂ ಒಬ್ನೇ ಮಾಡ್ಬೇಕಲ್ಲ. ನಿನ್ನ ಜಾಗದಲ್ಲಿ ಇನ್ನೊಬ್ರನ್ನ ಕೂರಿಸೋಕೆ ನಂಗಾಗಲ್ಲ ಸನೋಬರ್."

ಅವಳ ಕೆನ್ನೆ ಮೇಲೆ ನೀರಿಳಿಯಿತು. ಒರೆಸಲು ಕೈ ಬಿಡುವಿರಲಿಲ್ಲ.

"ಇನ್ನೊಂದು ಹೇಳ್ಬಿಡ್ತೀನಿ," ಎಂದ ಅವನು, ಈ ಸಲ ಸಿಡುಕಿನಿಂದ. "ಆ ಬಟ್ಟೆ ಅಂಗಡಿ ಕೈಸರ್ ಕಾರು ಸರ್ವಿಸಿಗೆ ಬಂದಿತ್ತಲ್ಲ? ಇವನೇ ಅಂತೆ ನಿನ್ನ ನೋಡಿದವನು, ಅಂತ ಗೊತ್ತಾದ ಮೇಲೆ ಒಂದು ಬೋಲ್ಟೂ ಸರಿಯಾಗಿ ಹಿಡೀಲಿಲ್ಲ ನಂಗೆ. ಅವನ ಸೀಟಲ್ಲಿ ಸೆಂಟಿನ ವಾಸನೆ ಬೇರೆ, ಥೂ!"

ಅಳುವಿನ ಮಧ್ಯೆಯೇ ಅವಳಿಗೆ ಫಕ್ಕನೆ ನಗು ಬಂತು. ಓಹೋ! ಉರಿದದ್ದು ನಾನೊಬ್ಬಳೇ ಅಲ್ಲ!

ಮರುಕ್ಷಣ ನಗು ಆರಿತು. "ತೌಹೀದ್... ನಾನು ನಿನ್ನೆ ಅವ್ರಿಗೇ ಹೂಂ ಅಂದುಬಿಟ್ಟೆ."

ಕೆಳಗೆ ಸ್ಪ್ಯಾನರ್ ಕೈಜಾರಿ ಬಿದ್ದ ಸದ್ದಾಯಿತು.

"ತೌಹೀದ್!"

"...ಹೇಳು."

"ಸಿಟ್ಟಿಗೆ ಅಂದೆ. ಸಂಜೆ ಅಮ್ಮಿ ಫೋನ್ ಮಾಡ್ತಾರೆ. ನನ್ನ ಬ್ಯಾಗಿಂದ ಫೋನ್ ತೆಗೆದುಕೊಡು ಬೇಗ. ನಂಗೆ ಕಾಲೆತ್ತೋಕಾಗಲ್ಲ!"

ಅವನು ಹೇಗೆ ಹೊರಗೆ ಬಂದನೋ, ಹಣೆಗೆ ಕಾರಿನ ಅಂಚು ಬಡಿದದ್ದೂ ಅವನಿಗೆ ಗೊತ್ತಾಗಲಿಲ್ಲ. ಎಣ್ಣೆ ಕೈಯಲ್ಲೇ ಫೋನು ಒತ್ತಿ ಅವಳ ಕಿವಿಗೆ ಹಿಡಿದ.

"ಅಮ್ಮಿ! ಹೊಳಲ್ಕೆರೆಗೆ ಫೋನ್ ಮಾಡಿದ್ರಾ?"

"ಎಲ್ಲಿ ಮಾಡೋದು?" ಆ ಕಡೆಯಿಂದ ಕರೀಮುನ್ನೀಸಾ ಸಿಡಿದರು. "ಸಂಜೆವರೆಗೂ ಯಾಕೆ ಕಾಯೋದು ಅಂತ ಈಗ್ಲೇ ಮಾಡೋಕೆ ಕುಂತ್ರೆ, ನಂಬರ್ ಬರೆದಿಟ್ಟಿದ್ದ ಚೀಟೀನ ನಿಮ್ಮಪ್ಪ ಜೇಬಲ್ಲಿ ಇಟ್ಕಂಡು ಕುಂತವ್ರೆ! ಕೇಳಿದ್ರೆ, 'ವ್ಯಾನ್ ವಾಪಸ್ ಬರ್ಲಿ' ಅಂತಾರೆ. ವ್ಯಾನಿಗೂ ಇದಕ್ಕೂ ಏನೇ ಸಂಬಂಧ?"

"ಮಾಡಬೇಡ್ರಿ ಅಮ್ಮಿ. ನಾನು ಮಾತು ತಿರುಗಿಸ್ತಿದೀನಿ. ಮನೆಗೆ ಬಂದು ಬೈಸ್ಕೋತೀನಿ."

ಕರೀಮುನ್ನೀಸಾ ಕೇಳಿದರು, ದನಿ ಬದಲಾಗಿತ್ತು. "ಆ ಹುಡುಗ ಪಕ್ಕದಲ್ಲೇ ಇದಾನೇನೇ?"

"ಹೂಂ."

"ನಿಮ್ಮ ನಾನಾ ಮುಂದೆ ನಿಂತು ಕೇಳುವಾಗ ನಿಮ್ಮಪ್ಪ ಗಡಗಡ ನಡುಗ್ತಿದ್ರು. ಇವನಿಗೆ ಧೈರ್ಯವಾಗಿ ಬರೋಕೆ ಹೇಳು." ಫೋನು ಕಟ್ಟಾಯಿತು.

ತೌಹೀದ್ ಬಾಗಿಲ ಹತ್ತಿರ ಮಂಡಿಯೂರಿ ಕೂತಿದ್ದ. ಇಷ್ಟು ದಿನ ಕಾರಿನ ತಗಡೊಂದು ನಡುವೆ ಇರುತ್ತಿತ್ತು. ಈಗ ಏನೂ ಇರಲಿಲ್ಲ. ಅವನ ಹಣೆಯಲ್ಲಿ ಬಾವು ಏಳುತ್ತಿತ್ತು. ಅವಳು ದುಪಟ್ಟಾದ ತುದಿಯಿಂದ ಅದನ್ನು ಮೆಲ್ಲಗೆ ಒತ್ತಿದಳು.

"ನೋವಾಯ್ತಾ?"

"ಇಲ್ಲ. ನಿಂಗೆ ಕಾಲು?"

"ಜೋಮು ಹಿಡಿದೈತೆ. ಪರವಾಗಿಲ್ಲ."

ಅವನು ಮತ್ತೆ ಕೆಳಗೆ ಹೋಗಿ ನಿಪ್ಪಲ್ ಬಿಗಿ ಮಾಡಿದ. ಇನ್ನೊಂದೆರಡು ಸಲ ಒತ್ತಿ ಬಿಟ್ಟ ಮೇಲೆ ಆಯಿಲಿನಲ್ಲಿ ಗುಳ್ಳೆ ಬರುವುದು ನಿಂತಿತು. ಪೆಡಲು ಗಟ್ಟಿಯಾಗಿ ಕಾಲಿಗೆ ಸಿಕ್ಕಿತು. ಇಂಜಿನ್ ಹಾಕಿ ಗೇರು ಹಾಕಿದರೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು.

ಅಷ್ಟರಲ್ಲಿ ಕೀರ್ತನಾಳ ಫೋನು ಬಂತು. ಹಸು ಉಳಿಯಿತಂತೆ, ಹೆಣ್ಣುಗರುವಂತೆ. ಕಾರನ್ನು ಮತ್ತೋಡಿಗೇ ತಂದುಕೊಡಲು ಆಗುತ್ತಾ ಎಂದು ಕೇಳಿದಳು. ಫೋನು ಸನೋಬರಳ ಕೈಯಲ್ಲಿತ್ತು.

"ತರ್ತೀವಿ ಮೇಡಂ. ಆಮೇಲೆ... ಬೆಳಿಗ್ಗೆ ಸಿಲಿಂಡರ್ ಸ್ಟಾಕ್ ಇತ್ತು. ನಾನು ಇಲ್ಲ ಅಂದೆ. ನನ್ನಿಂದಲೇ ನಿಮಗೆ ಇಷ್ಟೆಲ್ಲ ಆಯ್ತು. ತಪ್ಪಾಯ್ತು."

"ಯಾಕ್ರೀ ಹಾಗೆ ಮಾಡಿದ್ರಿ?"

"ಎದುರಿಗೆ ಬಂದು ಹೇಳ್ತೀನಿ. ನೀವು ನಗಬಾರದು ಅಷ್ಟೇ."

ಚಂದ್ರಕ್ಕ ಕೊಟ್ಟ ಟೀ ಕುಡಿದು ಹೊರಟರು. ಬಿಳಿ ಕಾರು ಸನೋಬರ್ ಓಡಿಸಬೇಕು, ಹಿಂದೆ ವ್ಯಾನಿನಲ್ಲಿ ಅವನು. ಕಾರು ಹತ್ತುವ ಮುಂಚೆ ಅವಳು ಅವನ ಟೂಲ್ ಬಾಕ್ಸಿನ ಮುಂದೆ ಹೋಗಿ ಕೈ ಚಾಚಿದಳು.

"ಕೊಡು."

"ಏನು?"

"ಆ ಬಾಟ್ಲಿ."

"ಅದ್ಯಾಕೆ? ಶೆಡ್ ಶುರು ಮಾಡಿ ನಿಮ್ಮನೆಗೆ ಬಂದು ಕೇಳೋವರೆಗೂ ಬೇಕಲ್ಲ ನಂಗೆ!"

"ಅಲ್ಲಿವರೆಗೆ ಕ್ಲಚ್ ಕೆಲಸ ಬಂದ್ರೆ ಫೋನ್ ಮಾಡು. ಬಸ್ ಹತ್ತಿ ಬರ್ತೀನಿ."

"ಹುಚ್ಚಿ... ಅದು ಬರೀ ಬಾಟ್ಲಿ ಕಣೇ!"

"ನನ್ನ ಜಾಗದಲ್ಲಿ ಅದು ಕೆಲಸ ಮಾಡೈತೆ. ನಂಗಾಗಲ್ಲ. ಕೊಡು!"

ಅವನು ಜೋರಾಗಿ ನಕ್ಕು ಬಾಟಲಿಯನ್ನು ಅವಳ ಕೈಗಿಟ್ಟ. ಅವಳು ಅದನ್ನು ಕಾರಿನ ಹಿಂದಿನ ಸೀಟಿನಡಿ ತಳ್ಳಿ, ಸೀಟಿನಲ್ಲಿ ಕೂತು ಕ್ಲಚ್ಚಿನ ಮೇಲೆ ಕಾಲಿಟ್ಟಳು. ಅವನು ಕಿಟಕಿಗೆ ಬಗ್ಗಿದ.

"ಸನೋಬರ್, ಶೆಡ್ಡಿನ ಬಾಗಿಲು ತೆಗೆಯೋ ದಿನ ಮೊದಲನೇ ಕಾರಿಗೆ ನೀನೇ ಕುಂತ್ಕಬೇಕು. ಬರ್ತೀಯಲ್ಲ?"

"ಮೊದಲು ಅಬ್ಬಾನ ಹತ್ರ ಕೇಳು. ನಡುಗದೆ ಕೇಳು."

"ಕೇಳ್ತೀನಿ. ನೀನು ಅರ್ಧಕ್ಕೇ ಎದ್ದು ಹೋಗ್ಬೇಡ ಮತ್ತೆ."

"ನೀನು ಬಾಯಿ ಬಿಟ್ಟು ಮಾತಾಡ್ತಾ ಇರು. ನಾನೆಲ್ಲಿ ಹೋಗ್ಲಿ?"